ಇಂಗ್ಲಿಷ್ ಪೀರಿಯಡ್ಡಿನಿಂದ ಕನ್ನಡವನ್ನು ಹೊರಗೆ ಹಾಕಬೇಡಿ

'ಐ ಹ್ಯಾವ್ ಫೀವರ್ ಸಿನ್ಸ್ ತ್ರೀ ಡೇಸ್.' ಕನ್ನಡ ಮಾಧ್ಯಮದ ಮಕ್ಕಳ ರಜೆ ಅರ್ಜಿ ಓದುವ ಯಾವ ಇಂಗ್ಲಿಷ್ ಶಿಕ್ಷಕರನ್ನು ಕೇಳಿದರೂ ಈ ವಾಕ್ಯದ ಪರಿಚಯವಿರುತ್ತದೆ. ಕೆಂಪು ಶಾಯಿಯಲ್ಲಿ 'ಸಿನ್ಸ್' ಹೊಡೆದು 'ಫಾರ್' ಎಂದು ಬರೆಯುತ್ತೇವೆ. ಮುಂದಿನ ತಿಂಗಳು ಅದೇ ಮಗು ಅದನ್ನೇ ಮತ್ತೆ ಬರೆದುಕೊಂಡು ಬರುತ್ತದೆ.

ನಾನು ಹಿರೇಕೆರೂರು ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಇಂಥ ತಪ್ಪನ್ನು ದಡ್ಡತನವೆಂದು ನಾನು ಒಪ್ಪುವುದಿಲ್ಲ. ನಾವು 'ಸೋಮವಾರದಿಂದ ಜ್ವರ' ಅನ್ನುತ್ತೇವೆ, 'ಮೂರು ದಿನದಿಂದ ಜ್ವರ' ಅಂತಲೂ ಅನ್ನುತ್ತೇವೆ. ಎರಡೂ ಕಡೆ 'ಇಂದ' ಒಂದೇ. ಜ್ವರ ಶುರುವಾದ ಗಳಿಗೆಯನ್ನು ಹೇಳುತ್ತಿದ್ದೀಯೋ, ಅದು ಎಷ್ಟು ಕಾಲ ಇತ್ತೆಂದು ಹೇಳುತ್ತಿದ್ದೀಯೋ ಎಂದು ಇಂಗ್ಲಿಷ್ ಬೇರೆ ಬೇರೆಯಾಗಿ ಕೇಳುತ್ತದೆ. ಇದನ್ನು ಮಗುವಿಗೆ ಕನ್ನಡದಲ್ಲೇ ಹೇಳಬೇಕು. ಆದರೆ ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಆಡುವಂತಿಲ್ಲ. ಕನ್ನಡ ಮಾತಾಡಿದ್ದಕ್ಕೆ ಮಕ್ಕಳಿಗೆ ದಂಡ ಹಾಕುವ ಶಾಲೆಗಳೂ ಇವೆ. ಇದು ಇಂಗ್ಲಿಷ್ ಕಲಿಕೆಗೇ ಮಾಡುವ ಕೇಡು ಎಂಬುದು ನನ್ನ ದೃಢವಾದ ಮಾತು.

ಮಕ್ಕಳು ಗೊಂದಲ ಮಾಡಿಕೊಳ್ಳುವ ಇಂಗ್ಲಿಷ್ ಪದಗಳನ್ನು ಜೋಡಿ ಜೋಡಿಯಾಗಿ ನೋಡಿದರೆ ಬಹುಪಾಲು ಗೊಂದಲಗಳ ಬೇರು ಕನ್ನಡದಲ್ಲಿರುತ್ತದೆ. ಮರದ ನೆರಳೂ ನೆರಳೇ, ಗೋಡೆಯ ಮೇಲೆ ಬೀಳುವ ನಮ್ಮ ನೆರಳೂ ನೆರಳೇ. ಇಂಗ್ಲಿಷಿನಲ್ಲಿ ಮೊದಲನೆಯದು ಶೇಡ್, ಎರಡನೆಯದು ಶ್ಯಾಡೋ. ನಮ್ಮೂರ ಕಡೆ ಪೆನ್ನನ್ನು 'ಕಡ ಕೊಡ್ತೀವಿ', 'ಕಡ ತಗೋತೀವಿ'. ಕಡ ಒಂದೇ, ಅದು ಹೋಯಿತೋ ಬಂದಿತೋ ಎಂಬುದನ್ನು ಕೊಡುವ, ತಗೊಳ್ಳುವ ಕ್ರಿಯಾಪದ ಹೇಳುತ್ತದೆ. ಇಂಗ್ಲಿಷಿನ ಲೆಂಡ್ ಮತ್ತು ಬಾರೋ ಆ ದಿಕ್ಕನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡಿವೆ. 'ಬಾರೋ ಮಿ ಯುವರ್ ಪೆನ್' ಎಂದ ಮಗುವಿಗೆ ತಿಳಿಯಬೇಕಾದದ್ದು ಇಷ್ಟೇ.

ಗೊಂದಲದ ಬೇರು ಇರುವ ಕನ್ನಡದಲ್ಲೇ ಅದರ ಪರಿಹಾರವೂ ಸಿಗುತ್ತದೆ. ಲೈ ಮತ್ತು ಲೇ, ರೈಸ್ ಮತ್ತು ರೇಸ್, ಸಿಟ್ ಮತ್ತು ಸೆಟ್ ಜೋಡಿಗಳನ್ನೇ ನೋಡಿ. ಕನ್ನಡದಲ್ಲಿ ಮಲಗು–ಮಲಗಿಸು, ಏಳು–ಏಳಿಸು, ಕೂರು–ಕೂರಿಸು. ಕಲಿಯುವುದು ಲರ್ನ್, ಕಲಿಸುವುದು ಟೀಚ್. ತಾನೇ ಮಾಡುವುದಕ್ಕೂ ಇನ್ನೊಬ್ಬರಿಂದ ಮಾಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದ 'ಇಸು' ಪ್ರತ್ಯಯ ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಇಂಗ್ಲಿಷಿನ ಪೂರ್ವಜವಾದ ಜರ್ಮಾನಿಕ್ ಭಾಷೆಯಲ್ಲೂ ಇದೇ ಕೆಲಸಕ್ಕೆ ಒಂದು ಪ್ರತ್ಯಯವಿತ್ತು. ಕಾಲಕ್ರಮದಲ್ಲಿ ಅದು ಸವೆದುಹೋಗಿ, ಪದದ ನಡುವಿನ ಸ್ವರದ ವ್ಯತ್ಯಾಸವಷ್ಟೇ ಉಳಿಯಿತು. ಬೀಳುವುದು ಫಾಲ್, ಮರವನ್ನು ಕಡಿದು ಬೀಳಿಸುವುದಕ್ಕೆ ಇಂದಿಗೂ ಫೆಲ್ ಎಂಬ ಪದವಿದೆ. ಇಂಗ್ಲಿಷ್ ಕಳೆದುಕೊಂಡ ಆ ಪ್ರತ್ಯಯದ ಕೆಲಸ ನಮ್ಮ ಮಕ್ಕಳ ನಾಲಿಗೆಯ ಮೇಲೆ ಜೀವಂತವಾಗಿದೆ. ಲೈ ಪದದ ಭೂತಕಾಲವೂ ಲೇ ಆಗಿರುವುದರಿಂದ ಇಂಗ್ಲಿಷನ್ನೇ ಮಾತೃಭಾಷೆಯಾಗಿ ಆಡುವವರೂ ಇಲ್ಲಿ ತಡವರಿಸುತ್ತಾರೆ. 'ಮಲಗಿದನೋ, ಮಲಗಿಸಿದನೋ' ಎಂದು ತನ್ನನ್ನೇ ಕೇಳಿಕೊಳ್ಳುವ ಮಗುವಿಗೆ ದಾರಿ ತಪ್ಪುವುದಿಲ್ಲ.

ಹಿಯರ್ ಮತ್ತು ಲಿಸನ್ ಕೂಡ ಹೀಗೆಯೇ. ಎರಡಕ್ಕೂ 'ಕೇಳು' ಎಂದು ಅರ್ಥ ಬರೆಸಿದರೆ ಮಗು ಅಲ್ಲೇ ನಿಲ್ಲುತ್ತದೆ. ಕಿವಿಗೆ ಬಿದ್ದದ್ದು ಹಿಯರ್, ಕಿವಿಗೊಟ್ಟದ್ದು ಲಿಸನ್ ಎಂದರೆ ಮುಂದಕ್ಕೆ ವಿವರಣೆಯೇ ಬೇಡ. ಕಣ್ಣಿಗೆ ಕಂಡದ್ದು ಸೀ, ಕಣ್ಣಿಟ್ಟು ನೋಡಿದ್ದು ಲುಕ್. ಶಬ್ದಕೋಶದ ಒಂದು ಪದಕ್ಕೆ ಒಂದು ಪದವನ್ನು ಹೊಂದಿಸಿ ಕೊಡುವುದಕ್ಕಿಂತ ನಮ್ಮ ನುಡಿಗಟ್ಟು ಹೆಚ್ಚು ನಿಖರವಾಗಿ ಕೆಲಸ ಮಾಡುತ್ತದೆ.

ಕಾಗುಣಿತದ ಗೊಂದಲಗಳ ಮಾತು ಬೇರೆ. ಪ್ರಾಂಶುಪಾಲರ ಪ್ರಿನ್ಸಿಪಲ್, ತತ್ತ್ವದ ಪ್ರಿನ್ಸಿಪಲ್ ಕಿವಿಗೆ ಒಂದೇ. ಕ್ಯಾಕ್ಸ್‌ಟನ್ ಎಂಬ ಮುದ್ರಕ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣ ತಂದ ಮೇಲೆ ಬರಹ ಮೆಲ್ಲಗೆ ಒಂದು ರೂಪಕ್ಕೆ ನಿಂತಿತು, ಉಚ್ಚಾರಣೆ ಮಾತ್ರ ಬದಲಾಗುತ್ತಲೇ ಹೋಯಿತು. ಆಡಿದಂತೆ ಬರೆಯುವ ಲಿಪಿಯಲ್ಲಿ ಬೆಳೆದ ಮಗುವಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಇಲ್ಲಿ ಬರೆದು ಬರೆದೇ ಕಲಿಯಬೇಕು. ಕಥೆಯೂ ನೆರವಾಗುತ್ತದೆ: ಮಧ್ಯಯುಗದಲ್ಲಿ ಊರೂರು ಅಲೆಯದೆ ಒಂದೇ ಕಡೆ ಅಂಗಡಿ ಹಾಕಿ ಪುಸ್ತಕ ಮಾರುತ್ತಿದ್ದವನು ಸ್ಟೇಷನರ್. ನಿಂತಲ್ಲೇ ನಿಂತ ಎಂಬ ಅರ್ಥದ ಸ್ಟೇಷನರಿಗೂ ನೋಟ್‌ಬುಕ್, ಪೆನ್ಸಿಲ್ ಸಿಗುವ ಸ್ಟೇಷನರಿಗೂ ಮೂಲ ಒಂದೇ. ಕೊನೆಯ 'ಆರ್' ಅಕ್ಷರದ ಹಿಂದೆ ಮೊದಲನೆಯದಕ್ಕೆ 'ಎ', ಎರಡನೆಯದಕ್ಕೆ 'ಇ' ಎಂಬುದು ಈ ಕಥೆಯ ಜೊತೆಗೆ ನೆನಪಿನಲ್ಲಿ ಉಳಿಯುತ್ತದೆ.

ಹಳ್ಳಿಯ ಮಗುವಿಗೆ ಇಂಗ್ಲಿಷ್ ಕಿವಿಗೆ ಬೀಳುವುದೇ ಆ ಒಂದು ಪೀರಿಯಡ್ಡಿನಲ್ಲಿ, ಅದನ್ನೂ ಕನ್ನಡಕ್ಕೆ ಬಿಟ್ಟುಕೊಟ್ಟರೆ ಹೇಗೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅವರ ಕಾಳಜಿ ನಿಜವಾದದ್ದು. ಪಾಠವನ್ನೆಲ್ಲ ಕನ್ನಡಕ್ಕೆ ಅನುವಾದಿಸಿ ಗೈಡಿನಿಂದ ಉತ್ತರ ಬರೆಸುವುದನ್ನು ನಾನೂ ಒಪ್ಪುವುದಿಲ್ಲ. ನಾನು ಕೇಳುತ್ತಿರುವುದು ಎರಡು ನಿಮಿಷದ ಕನ್ನಡ. ಗಂಟು ಬಿಡಿಸುವುದಕ್ಕೆ ಅಷ್ಟು ಸಾಕು. ಉಳಿದ ಹೊತ್ತೆಲ್ಲ ಮಗು ಆ ಪದಗಳನ್ನು ಇಂಗ್ಲಿಷಿನಲ್ಲೇ ಆಡಲಿ, ಬರೆಯಲಿ. ಅರ್ಥವಾಗದ ಇಂಗ್ಲಿಷನ್ನು ಪೀರಿಯಡ್ ಪೂರ್ತಿ ಕೇಳುತ್ತ ಕೂತ ಮಗು ಬಾಯಿ ತೆರೆಯುವುದೇ ಇಲ್ಲ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವು. ಎಷ್ಟನೇ ವಯಸ್ಸಿಗೆ ಇಂಗ್ಲಿಷ್ ಎಂಬ ಬಗ್ಗೆ ಇಷ್ಟೆಲ್ಲ ಚರ್ಚಿಸಿದ ನಾವು, ಮನೆಮಾತಿನ ಬಲದ ಮೇಲೆ ಅದನ್ನು ಹೇಗೆ ಕಲಿಸಬೇಕು ಎಂಬ ಬಗ್ಗೆ ಅಷ್ಟು ಯೋಚಿಸಲಿಲ್ಲ. ಇಂಗ್ಲಿಷ್ ಪಠ್ಯಪುಸ್ತಕದ ಪ್ರತಿ ಪಾಠದ ಕೊನೆಗೆ ಅರ್ಧ ಪುಟ ಕೊಡಿ: ಗೊಂದಲದ ಒಂದು ಜೋಡಿ, ಅದಕ್ಕೆ ಕನ್ನಡದಲ್ಲಿ ನಾಲ್ಕು ಸಾಲಿನ ವಿವರಣೆ. ಶಿಕ್ಷಕರ ತರಬೇತಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ವ್ಯಾಕರಣವನ್ನು ಅಕ್ಕಪಕ್ಕ ಇಟ್ಟು ಪಾಠ ಮಾಡಿ. ಕನ್ನಡಕ್ಕೆ ದಂಡ ಹಾಕುವುದನ್ನು ನಿಲ್ಲಿಸಿ. ತರಗತಿ ನೋಡಲು ಬರುವ ಅಧಿಕಾರಿಗಳು ಶಿಕ್ಷಕಿ ಎಷ್ಟು ಕನ್ನಡ ಆಡಿದಳೆಂದು ಎಣಿಸುವ ಬದಲು, ಪಾಠ ಮುಗಿದ ಮೇಲೆ ಕೊನೇ ಬೆಂಚಿನ ಮಗು ತಾನಾಗಿ ಒಂದು ಸರಿಯಾದ ಇಂಗ್ಲಿಷ್ ವಾಕ್ಯ ಹೇಳಬಲ್ಲದೇ ಎಂದು ಪರೀಕ್ಷಿಸಲಿ.