ನಾಟಿ ಮದ್ದು ಮತ್ತು ಗಣಕಯಂತ್ರ

ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನು ಕೇಂದ್ರ ಸರ್ಕಾರ 2001ರಲ್ಲಿ ಆರಂಭಿಸಿತು. ಅರಿಶಿನದ ಗುಣಕ್ಕೆ ಅಮೆರಿಕ 1995ರಲ್ಲಿ ನೀಡಿದ್ದ ಪೇಟೆಂಟನ್ನು 1997ರಲ್ಲಿ ರದ್ದುಪಡಿಸಲು ಪಟ್ಟ ಪಾಡು ಅದಕ್ಕೊಂದು ಪ್ರೇರಣೆ. ಆದರೆ ಅದರೊಳಗೆ ಸೇರಿದ್ದು ಗ್ರಂಥಸ್ಥ ಜ್ಞಾನ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಟ್ಟಿಗಳಲ್ಲಿ ದನಕ್ಕೂ ಜನಕ್ಕೂ ಮದ್ದು ಅರೆಯುವವರ ತಿಳಿವಳಿಕೆ ಬಾಯಿಂದ ಬಾಯಿಗೆ ಬಂದದ್ದು.

ಅದನ್ನೂ ಗಣಕಕ್ಕೆ ಉಣಿಸಿ ದತ್ತಾಂಶ ಗಣಿಗಾರಿಕೆ ನಡೆಸಬೇಕೆಂಬ ಉತ್ಸಾಹವನ್ನು ನಾನು ಸ್ವಾಗತಿಸುತ್ತೇನೆ, ಆತಂಕದೊಂದಿಗೆ. ತೆಲುಗು-ಕನ್ನಡ ಬೆರೆತ ಈ ಗಡಿಯಲ್ಲಿ ಸೊಗದೆ ಬೇರು, ಸುಗಂಧಿಪಾಲ, ಸಂಸ್ಕೃತದ ಸಾರಿವಾ ಒಂದೇ ಬಳ್ಳಿ, ಯಂತ್ರಕ್ಕೆ ಮೂರು. ಇದನ್ನು ಸಸ್ಯಶಾಸ್ತ್ರಜ್ಞರು ಸರಿಪಡಿಸಿಯಾರು. ಕಠಿಣವಾದದ್ದು ಬೇರೆಯಿದೆ. ಹಾವು ಕಡಿತಕ್ಕೆ ಈಶ್ವರಿ ಬೇರನ್ನು ನಾಡಿನ ಹಲವೆಡೆ ಹೇಳುತ್ತಾರೆ. ಎಷ್ಟು ಬಾಯಲ್ಲಿ ಬಂದಿತೆಂದು ಎಣಿಸುವ ತಂತ್ರಾಂಶ ಅದನ್ನೇ ಮೊದಲ ಸ್ಥಾನಕ್ಕೇರಿಸೀತು. ಅದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲವೋ ಮೂತ್ರಪಿಂಡ ಕೆಡಿಸುವಂಥದು, ಕ್ಯಾನ್ಸರ್ ತರುವಂಥದು. ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದಲ್ಲದೆ ದಾರಿಯಿಲ್ಲ.

ಆದ್ದರಿಂದ ದಾಖಲೆಯಲ್ಲಿ ಗಿಡದ ಹೆಸರು, ಪ್ರಮಾಣಗಳ ಜೊತೆಗೆ ಗುಣವಾಗದ ರೋಗಿಗಳ ಲೆಕ್ಕವೂ ಇರಬೇಕು. ಹೇಳಿದ ವೈದ್ಯನ ಹೆಸರಂತೂ ಅಳಿಸಿಹೋಗಕೂಡದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕಿದೆ. ಈ ಕೆಲಸ ಅಲ್ಲಿಂದ, ಅವರ ಒಪ್ಪಿಗೆಯಿಂದಲೇ ಆರಂಭವಾಗಲಿ.