ತೋರುವ ಆಳ, ಇರುವ ಆಳ

ರಜೆ ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮನೆಗಳಲ್ಲಿ ಒಂದು ಮಾತು ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ: ‘ನೀರಿನ ಕಡೆ ಹೋಗಬೇಡ.’ ಹೇಳುವವರ ಭಯ ಸುಳ್ಳಲ್ಲ. ಆದರೆ ಹನ್ನೆರಡು ವರ್ಷದ ಹುಡುಗನಿಗೆ ನೀರಿಗಿಂತ ದೊಡ್ಡ ಆಕರ್ಷಣೆ ಇನ್ನೊಂದಿಲ್ಲ. ಬೇಡವೆಂದಷ್ಟೂ ಅವನು ಹೇಳದೆ ಕೇಳದೆ ಗೆಳೆಯರ ಜೊತೆ ಹೋಗುತ್ತಾನೆ. ಅದರ ಬದಲು ತಂದೆಯೋ ತಾಯಿಯೋ ಒಂದು ದಿನ ಅವನ ಜೊತೆಗೇ ಹೋದರೆ ಹೇಗೆ? ಕೈಯಲ್ಲಿ ಒಂದು ಗಾಳವಿದ್ದರೆ ಆ ದಿನ ವಿಜ್ಞಾನದ ಪಾಠವೂ ಆಗುತ್ತದೆ, ಜೀವ ಉಳಿಸುವ ಪಾಠವೂ ಆಗುತ್ತದೆ.

ಈ ಸೀಮೆಗೆ ಗಾಳ ಹೊಸದಲ್ಲ. ಬಸವಕಲ್ಯಾಣದ ಕಡೆಯಿಂದ ಬರುವ ಮುಲ್ಲಾಮಾರಿ ಚಿಂಚೋಳಿಯನ್ನು ಹಾದು ಕಾಗಿಣೆಗೆ ಸೇರುತ್ತದೆ. ಕಾಗಿಣೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಹಾದು, ಶಹಾಬಾದ್ ಕಡೆ ಹರಿದು ಭೀಮೆಯಲ್ಲಿ ಒಂದಾಗುತ್ತದೆ. ಅದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶ ರಚಿಸಿದ. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಹತ್ತಾರು ಬಗೆಯ ಮೀನುಗಳು, ಅವು ಸಮುದ್ರದವೋ ಹೊಳೆಯವೋ, ಹುರುಪೆ ಉಳ್ಳವೋ ಇಲ್ಲದವೋ, ಯಾವುದಕ್ಕೆ ಯಾವ ಆಹಾರ, ಕೋಲು ಮತ್ತು ದಾರ ಹೇಗಿರಬೇಕು ಎಂಬುದೆಲ್ಲ ಅಲ್ಲಿದೆ. ಮೀನು ಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಅಭ್ಯಸಿಸಿ ವಿದ್ವಾಂಸರ ಗಮನಕ್ಕೆ ತಂದರು.

ಎರೆಹುಳು ಸಿಕ್ಕಿಸಿದ ಗಾಳ ಎಲ್ಲರಿಗೂ ಗೊತ್ತು. ಇನ್ನೊಂದು ಬಗೆ ಇದೆ. ಇಂಗ್ಲಿಷಿನವರು ಅದನ್ನು ಫ್ಲೈ ಫಿಶಿಂಗ್ ಎನ್ನುತ್ತಾರೆ. ನಾವು ನೊಣಗಾಳ ಎನ್ನೋಣ. ಇದರಲ್ಲಿ ಜೀವಂತ ಹುಳುವಿಲ್ಲ. ಕೊಕ್ಕೆಗೆ ಗರಿ ಮತ್ತು ನೂಲು ಸುತ್ತಿ ನೊಣದಂತೆ ಕಾಣುವ ಹಾಗೆ ಮಾಡುತ್ತಾರೆ. ಸುಮಾರು 1,800 ವರ್ಷಗಳ ಹಿಂದೆಯೇ ರೋಮಿನ ಲೇಖಕ ಈಲಿಯನ್, ಮ್ಯಾಸಿಡೋನಿಯಾದ ಜನ ಕೆಂಪು ಉಣ್ಣೆ ಮತ್ತು ಹುಂಜದ ಗರಿಗಳಿಂದ ಇಂಥ ನೊಣ ಕಟ್ಟುತ್ತಿದ್ದುದನ್ನು ಬರೆದಿದ್ದಾನೆ. ಸಾಮಾನ್ಯ ಗಾಳವನ್ನು ದೂರಕ್ಕೆ ಒಯ್ಯುವುದು ಸೀಸದ ಗುಂಡು. ಗರಿಯ ನೊಣಕ್ಕೆ ತೂಕವೇ ಇಲ್ಲ. ಇಲ್ಲಿ ದಾರದ ತೂಕವೇ ನೊಣವನ್ನು ಹೊತ್ತೊಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಾಳಿ, ಅನಂತರ ಮುಂದಕ್ಕೆ ಬೀಸಬೇಕು. ಬಾಗಿದ ಕೋಲು ನೆಟ್ಟಗಾಗುವಾಗ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನು ದಾರಕ್ಕೆ ಕೊಡುತ್ತದೆ. ಅವಸರ ಮಾಡಿದರೆ ದಾರ ಗೋಜಲಾಗುತ್ತದೆ.

ಬೆಲೆಬಾಳುವ ಸಾಮಗ್ರಿ ಬೇಕಿಲ್ಲ. ಹತ್ತು ಅಡಿಯ ಸಪೂರ ಬಿದಿರು, ಅಷ್ಟೇ ಉದ್ದದ ದಾರ, ಒಂದು ಸಣ್ಣ ಕೊಕ್ಕೆ, ಹುಂಜದ ಕತ್ತಿನ ಗರಿ, ಒಂದು ಗೇಣು ಕೆಂಪು ನೂಲು ಸಾಕು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಆಗ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ, ಮೀನನ್ನು ಬಿಟ್ಟುಬಿಡುವುದೂ ಸುಲಭ. ನೊಣ ಕಟ್ಟುವ ಕೆಲಸವನ್ನು ಮಗುವಿಗೇ ಬಿಡಿ. ಆದರೆ ಕಟ್ಟುವ ಮೊದಲು ಮೀನು ಏನು ತಿನ್ನುತ್ತದೆಂದು ತಿಳಿಯಬೇಕಲ್ಲ? ಅದಕ್ಕಾಗಿ ದಡದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ನೋಡಬೇಕು. ನೀರ ಮೇಲೆ ನಡೆದಾಡುವ ಕೀಟವನ್ನು ಮುಳುಗದಂತೆ ಹಿಡಿದಿರುವುದು ಮೇಲ್ಮೈ ಎಳೆತ. ಗರಿಯ ನೊಣ ತೇಲುವುದಕ್ಕೂ ಅದೇ ನೆರವು.

ಹೊತ್ತು ಆರಿಸುವುದಕ್ಕೂ ಕಾರಣವಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಮೀನುಗಳು ಆಳದ ಮಡು, ನೆರಳು ಹುಡುಕುವುದು ಸಹಜ. ಆದ್ದರಿಂದ ಬೆಳಿಗ್ಗೆ ಅಥವಾ ಸಂಜೆ ಹೋಗಬೇಕು. ಕಾಲವೂ ಮುಖ್ಯ. ಮಳೆಗಾಲದ ಕಾಗಿಣೆಯನ್ನು ನಂಬುವಂತಿಲ್ಲ. 2020ರ ಅಕ್ಟೋಬರ್‌ನಲ್ಲಿ ಅದು ದಂಡೆ ಮೀರಿ ಹರಿದದ್ದನ್ನು ಈ ಭಾಗದವರು ಮರೆತಿಲ್ಲ. ನೀರು ಇಳಿದು ತಿಳಿಯಾಗುವ ಚಳಿಗಾಲವೇ ಸರಿ.

ಈಗ ಮುಖ್ಯ ಪಾಠಕ್ಕೆ ಬರೋಣ. ದಡದಲ್ಲಿ ನಿಂತವನಿಗೆ ಮೀನು ಕಂಡ ಜಾಗದಲ್ಲಿ ಇರುವುದಿಲ್ಲ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ, ಇದು ವಕ್ರೀಭವನ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33, ಅಂದರೆ ಮೂರರಲ್ಲಿ ನಾಲ್ಕು. ನೇರ ಮೇಲಿನಿಂದ ನೋಡಿದಾಗ 4 ಅಡಿ ಆಳ 3 ಅಡಿಯಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ ಕಾಣುತ್ತದೆ. ಮೀನಿನ ಕಡೆಯಿಂದ ನೋಡಿದರೆ ಇನ್ನೊಂದು ವಿಚಿತ್ರ. ಹೊರಗಿನ ಇಡೀ ಲೋಕ ಅದಕ್ಕೆ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಮೂರು ಅಡಿ ಆಳದ ಮೀನಿಗೆ ಆ ಕಿಟಕಿಯ ಅಗಲ ಸುಮಾರು ಏಳು ಅಡಿ. ದಡದ ತಗ್ಗಿನ ವಸ್ತುಗಳೆಲ್ಲ ಕಿಟಕಿಯ ಅಂಚಿನಲ್ಲಿ ಅಪ್ಪಚ್ಚಿಯಾಗಿ ಕಾಣುತ್ತವೆ. ಅದಕ್ಕೇ ಅನುಭವಿ ಗಾಳಗಾರ ನಿಲ್ಲುವುದಿಲ್ಲ, ಕುಕ್ಕರುಗಾಲಲ್ಲಿ ಕೂರುತ್ತಾನೆ.

ಈ ನಿಯಮವನ್ನು ಹೊಳೆಯ ದಂಡೆಯಲ್ಲಿ ಕಲಿತ ಮಗುವಿಗೆ ತಂದೆತಾಯಿ ತೋರಿಸಬೇಕಾದ ಇನ್ನೊಂದು ನೀರು ಊರ ಪಕ್ಕದಲ್ಲೇ ಇದೆ. ಅದು ಹಾಸುಗಲ್ಲು ತೆಗೆದು ಬಿಟ್ಟ ಗಣಿಯ ಹೊಂಡ. ಶಹಾಬಾದ್ ಕಲ್ಲು ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಅದು ಬಿಟ್ಟುಹೋದ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ತಳದ ಕಲ್ಲು ಕಾಣುತ್ತದೆ. ‘ಎದೆಮಟ್ಟ ಇರಬೇಕು’ ಎಂದುಕೊಂಡು ಹುಡುಗ ಜಿಗಿಯುತ್ತಾನೆ. ಓರೆ ನೋಟಕ್ಕೆ ಎದೆಮಟ್ಟವಾಗಿ ಕಂಡದ್ದು ನಿಜದಲ್ಲಿ ತಲೆ ಮುಳುಗುವ ಆಳ. ಹೊಳೆಯ ದಡ ಸಾಮಾನ್ಯವಾಗಿ ಇಳಿಜಾರಾಗಿರುತ್ತದೆ. ಕಡಿದ ಗಣಿಯ ಗೋಡೆ ನೆಟ್ಟಗಿರುತ್ತದೆ. ಕಾಲೂರಲು ಮೆಟ್ಟಿಲಿಲ್ಲ, ಹಿಡಿಯಲು ಬೇರಿಲ್ಲ. ಮೇಲಿನ ನೀರು ಬೆಚ್ಚಗಿದ್ದರೂ ಕೆಳಗಿನದು ತಣ್ಣಗಿರುತ್ತದೆ. ಈಜು ಬಲ್ಲವರೂ ಅಲ್ಲಿ ಸೋಲುತ್ತಾರೆ. ಗಣಿಹೊಂಡದಲ್ಲಿ ಮುಳುಗಿದ ಮಕ್ಕಳ ಸುದ್ದಿ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಗಾಳ ಹಾಕುವುದಕ್ಕೂ ಅಲ್ಲಿಗೆ ಹೋಗಬಾರದು.

ಹೊಳೆಯಲ್ಲೂ ಕೆಲವು ನಿಯಮಗಳು ಬೇಕು. ಮಗು ತಂದೆತಾಯಿಯ ಕೈಗೆಟಕುವ ದೂರದಲ್ಲೇ ಇರಬೇಕು. ಗಾಳ ಬೀಸುವಾಗ ಹಿಂದೆ ಯಾರೂ ಇರಬಾರದು. ಜೊತೆಗೊಂದು ಉದ್ದನೆಯ ಹಗ್ಗವಿರಲಿ. ಯಾರಾದರೂ ಜಾರಿದರೆ ಹಗ್ಗವನ್ನೋ ಕೋಲನ್ನೋ ಚಾಚಬೇಕೇ ಹೊರತು ಮಕ್ಕಳು ನೀರಿಗೆ ಧುಮುಕಬಾರದು. ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಕೊಟ್ಟಿರುವುದುಂಟು. ಕೇಳಿಯೇ ಗಾಳ ಹಾಕಬೇಕು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದ ನೀರಿನಲ್ಲಿ ಅನುಮತಿಯಿಲ್ಲದೆ ಹಾಕುವಂತಿಲ್ಲ. ಸಿಡಿಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದಂತೂ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಲ್ಲೇ ಅಪರಾಧ.

ನೀರ ಮೇಲೆ ಕೆಂಪು ಛಾಯೆಯ ಸಣ್ಣ ಮರಿಗಳ ಗುಂಪೊಂದು ಕುದಿಯುವಂತೆ ಕಂಡರೆ ಗಾಳ ಎತ್ತಿಬಿಡಿ. ಅವು ಕೊರವ ಮೀನಿನ ಮರಿಗಳಿರಬಹುದು. ಕೊರವ ಆಗಾಗ ಮೇಲೆ ಬಂದು ಗಾಳಿಯನ್ನೇ ಉಸಿರಾಡುವ ಮೀನು. ಮರಿಗಳು ದೊಡ್ಡವಾಗುವವರೆಗೆ ತಂದೆತಾಯಿ ಮೀನುಗಳು ಅವುಗಳ ಕೆಳಗೇ ಕಾವಲು ಕಾಯುತ್ತವೆ. ಆಗ ದೊಡ್ಡದನ್ನು ಹಿಡಿದರೆ ಇಡೀ ಸಂಸಾರ ಬೇರೆ ಮೀನುಗಳ ಬಾಯಿಗೆ ಬೀಳುತ್ತದೆ. ಇದನ್ನು ಮಕ್ಕಳಿಗೆ ತೋರಿಸಿದರೆ ಸಾಕು, ವಿವರಿಸಬೇಕಾಗಿಲ್ಲ.

ಹೊಳೆಗೆ ಹೊರಡುವ ಹಿಂದಿನ ದಿನ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಬಕೆಟ್ಟಿನಲ್ಲಿ 12 ಅಂಗುಲ ನೀರು ತುಂಬಿ, ತಳಕ್ಕೆ ಒಂದು ನಾಣ್ಯ ಹಾಕಿ. ಮೇಲಿನಿಂದ ನೋಡಿ ಆಳ ಎಷ್ಟೆಂದು ಮಗು ಅಂದಾಜು ಹೇಳಲಿ. ಅನಂತರ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ ಮತ್ತೊಮ್ಮೆ ಹೇಳಲಿ. ಕೊನೆಗೆ ಅಳತೆಪಟ್ಟಿ ಇಳಿಸಿ ಅವನೇ ಅಳೆಯಲಿ. ಮೂರು ಅಂಕಿಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಈ ಸಾಲು ಸೇರಿಸಿ: ನೀರಿನ ಆಳವನ್ನು ಕಣ್ಣಿನಿಂದ ಅಳೆಯಬಾರದು.