ಶಿರಾ ಗೇಟಿನ ನಲ್ಲಿಗೂ ‘ದ್ವೀಪ’ಕ್ಕೂ ನಂಟು

ಇಂದಿನ ಜಗತ್ತನ್ನು ಅರಿಯಲು ಯಾವ ಚಲನಚಿತ್ರ ನೋಡಬೇಕೆಂದು ಕೇಳಿದರೆ ಹೊಸ ಚಿತ್ರಗಳ, ಧಾರಾವಾಹಿಗಳ ದೊಡ್ಡ ಪಟ್ಟಿಯೇ ದೊರೆಯುತ್ತದೆ. ಪ್ರಳಯ, ಮಹಾಮಾರಿ, ಅಣುದುರಂತ ಎಲ್ಲವೂ ಈಗ ಮನೆಯೊಳಗಿನ ಪರದೆಯ ಮೇಲೆಯೇ ಲಭ್ಯ. ಆದರೆ ತುಮಕೂರಿನ ಶಿರಾ ಗೇಟಿನ ನಿವಾಸಿಗಳಿಗೆ ನಾವು ಸೂಚಿಸುವುದು 2002ರಲ್ಲಿ ತೆರೆಕಂಡ ಕನ್ನಡದ ‘ದ್ವೀಪ’ವನ್ನು.

ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ, ಸೌಂದರ್ಯ ನಿರ್ಮಿಸಿ ನಟಿಸಿದ ಈ ಚಿತ್ರಕ್ಕೆ ಸ್ವರ್ಣಕಮಲ ಸಂದಿತು. ಅಣೆಕಟ್ಟಿನ ನೀರು ಏರುತ್ತಿದೆ, ಊರು ಖಾಲಿಯಾಗುತ್ತಿದೆ, ಗುಡ್ಡದ ಮೇಲಿನ ಒಂದು ಕುಟುಂಬ ಮಾತ್ರ ಉಳಿದಿದೆ. ಮನೆಯನ್ನು ಉಳಿಸಿಕೊಳ್ಳಲು ಹೆಣಗುವವಳು ನಾಗಿ. ಆದರೆ ಮಳೆ ಇಳಿದ ಮೇಲೆ ಗಂಡ ಎಲ್ಲ ಶ್ರೇಯಸ್ಸನ್ನೂ ದೇವರಿಗೆ ಒಪ್ಪಿಸುತ್ತಾನೆ. ನಾಗಿಯ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ.

ಮಲೆನಾಡಿನ ಈ ಕಥೆಗೂ ಬಯಲುಸೀಮೆಗೂ ಏನು ಸಂಬಂಧ? ಸಂಬಂಧ ನಲ್ಲಿಯಲ್ಲಿದೆ. ತುಮಕೂರು ನಗರ ಕುಡಿಯುವುದು ಹೇಮಾವತಿಯ ನೀರನ್ನು. ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ತುಂಬುವ ನೀರನ್ನು. ಆ ಜಲಾಶಯಕ್ಕಾಗಿ ಹಾಸನ ಜಿಲ್ಲೆಯ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚು ಇಂದಿಗೂ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಪ್ರವಾಸಿಗರು ಅದರ ಚಿತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿ ಪ್ರಾರ್ಥಿಸುತ್ತಿದ್ದವರು ಎಲ್ಲಿಗೆ ಹೋದರೆಂದು ಕೇಳುವವರು ವಿರಳ. ನಾಗಿಯಂತೆ ಅವರೂ ಲೆಕ್ಕದ ಹೊರಗೆ.

ಇದು ಮುಗಿದ ಕಥೆಯೆನ್ನುವಂತಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದದ್ದು 1964ರಲ್ಲಿ. ಅದರ ಹಿನ್ನೀರಿನಾಚೆಗೆ ಉಳಿದ ಜನರಿಗೆ ಸಿಗಂದೂರು ಸೇತುವೆ ದೊರೆತದ್ದು 2025ರ ಜುಲೈನಲ್ಲಿ. ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಭೂಗತ ವಿದ್ಯುತ್ ಯೋಜನೆಯ ವಿರುದ್ಧ ಅದೇ ವರ್ಷ ಜನ ಮತ್ತೆ ದನಿಯೆತ್ತಬೇಕಾಯಿತು.

ನಮ್ಮ ಜಿಲ್ಲೆಯನ್ನೇ ನೋಡೋಣ. ಹೇಮಾವತಿಯ ನೀರನ್ನು ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯನ್ನು ವಿರೋಧಿಸಿ 2024 ಮತ್ತು 2025ರಲ್ಲಿ ಗುಬ್ಬಿ ಭಾಗದ ರೈತರು ಬೀದಿಗಿಳಿದರು. ತಮ್ಮ ಪಾಲು ತಪ್ಪೀತೆಂಬ ಅವರ ಭಯ ನಿಜ. ನಾಲೆಯ ಕೊನೆಯಲ್ಲಿರುವ ಕುಣಿಗಲ್ಲಿನ ಬಾಯಾರಿಕೆಯೂ ನಿಜ. ಆದರೆ ಈ ವಾದದಲ್ಲಿ ಇಬ್ಬರೂ ‘ನಮ್ಮ ನೀರು’ ಎನ್ನುತ್ತಾರೆ. ಆ ನೀರಿಗಾಗಿ ಮನೆ ಬಿಟ್ಟವರ ಹೆಸರು ಯಾರ ಬಾಯಲ್ಲೂ ಇಲ್ಲ.

ಆದ್ದರಿಂದ ನಮ್ಮದೊಂದು ಮನವಿ. ಗುಬ್ಬಿಯವರೂ ಕುಣಿಗಲ್ಲಿನವರೂ ನಗರದವರೂ ಒಂದೆಡೆ ಕುಳಿತು ‘ದ್ವೀಪ’ವನ್ನು ನೋಡಬೇಕು. ಚಿತ್ರ ಕಾಲುವೆಯ ವ್ಯಾಜ್ಯವನ್ನು ಬಗೆಹರಿಸದು. ಆದರೆ ಬೇರೆಯವರ ಊರನ್ನು ಮುಳುಗಿಸಿ ಬಂದ ನೀರನ್ನು ಹೇಗೆ ಬಳಸಬೇಕು, ಇನ್ನಷ್ಟು ಕೇಳುವ ಮುನ್ನ ನಮ್ಮ ಕೆರೆಗಳ ಹೂಳೆತ್ತಿದೆವೇ, ಶಿಂಷಾ ಮತ್ತು ಜಯಮಂಗಲಿಯರ ತವರಾದ ದೇವರಾಯನದುರ್ಗದ ಕಾಡನ್ನು ಕಾಪಾಡಿದೆವೇ ಎಂಬ ಪ್ರಶ್ನೆಗಳನ್ನಾದರೂ ಎದುರಿಗಿಡುತ್ತದೆ. ಚಿತ್ರ ಮುಗಿಸಿ ಮನೆಗೆ ಬಂದು ನಲ್ಲಿ ತಿರುಗಿಸುವಾಗ ನಾಗಿ ನೆನಪಾದರೆ ಅಷ್ಟರಮಟ್ಟಿಗೆ ಲೆಕ್ಕ ಸರಿಹೋಗಲು ಆರಂಭವಾದಂತೆ.